ನಾಲ್ಕು ಗೇಜಿನ ಊರು

ಕುರುಬರಹಳ್ಳಿಗೆ ರೈಲು ನಿಲ್ದಾಣ ಇಲ್ಲ. ಹಳ್ಳಿಯಾಗಿದ್ದಾಗಲೂ ಇರಲಿಲ್ಲ, ರಾಜಾಜಿನಗರ ಬೆಳೆದು ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡ ಮೇಲೂ ಬರಲಿಲ್ಲ. ಆದರೂ ನಮ್ಮ ಬಡಾವಣೆ ರೈಲಿನ ಮಗ್ಗುಲಲ್ಲೇ ಇದೆ. ಪೂರ್ವಕ್ಕೆ ಮೂರು ಕಿಲೋಮೀಟರ್ ಆಸುಪಾಸಿನಲ್ಲಿ ಮಲ್ಲೇಶ್ವರ ಸ್ಟೇಷನ್, ಈಶಾನ್ಯಕ್ಕೆ ಯಶವಂತಪುರ, ಆಗ್ನೇಯಕ್ಕೆ ಹಿರಿಯರು ಇವತ್ತಿಗೂ ಸಿಟಿ ಟೇಷನ್ ಅನ್ನುವ ಸಂಗೊಳ್ಳಿ ರಾಯಣ್ಣ ನಿಲ್ದಾಣ. ಮಳೆ ನಿಂತ ರಾತ್ರಿಗಳಲ್ಲಿ ಯಶವಂತಪುರದ ಕಡೆಯ ಇಂಜಿನ್ನಿನ ಹಾರ್ನ್ ನಮ್ಮ ಬೀದಿಯವರೆಗೂ ಕೇಳುತ್ತದೆ. ಕೇಳುವಷ್ಟು ಹತ್ತಿರ ಇರುವ ರೈಲನ್ನು ಹತ್ತುವುದು ಮಾತ್ರ ನಮಗೆ ಯಾವತ್ತೂ ಸಲೀಸಾಗಿಲ್ಲ. ಏಕೆ ಎಂದು ಯೋಚಿಸುತ್ತ ಹೋದರೆ ಈ ಊರಿನ ನೂರ ಅರವತ್ತು ವರ್ಷಗಳ ರೈಲಿನ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ನಾನು ಇಂಡಸ್ಟ್ರಿಯಲ್ ಎಸ್ಟೇಟಿನ ಮೆಷಿನ್ ಶಾಪಿನಲ್ಲಿ ಟರ್ನರ್ ಆಗಿ ಕೆಲಸ ಮಾಡಿ ನಿವೃತ್ತನಾದವನು. ವರ್ನಿಯರ್ ಹಿಡಿದು ಹಿಡಿದು ಕೈಗೆ ಒಂದು ಅಭ್ಯಾಸ ಬಂದಿದೆ: ಯಾವುದನ್ನು ನೋಡಿದರೂ ಮೊದಲು ಅದರ ಅಳತೆ ಕೇಳುತ್ತೇನೆ. ಬೆಂಗಳೂರಿನ ರೈಲಿನ ವಿಷಯದಲ್ಲೂ ನನ್ನ ಕಣ್ಣು ಮೊದಲು ಹೋದದ್ದು ಅಳತೆಯ ಮೇಲೆ. 1676, 1000, 762, 1435. ನಾಲ್ಕೂ ಮಿಲಿಮೀಟರ್ ಲೆಕ್ಕ, ಎರಡು ಹಳಿಗಳ ನಡುವಿನ ಅಗಲ. ಬ್ರಾಡ್‌ಗೇಜ್, ಮೀಟರ್‌ಗೇಜ್, ನ್ಯಾರೋಗೇಜ್, ಮೆಟ್ರೊದ ಸ್ಟ್ಯಾಂಡರ್ಡ್ ಗೇಜ್. ಈ ನಾಲ್ಕೂ ಬಂದ ಊರು ನಮ್ಮದು. ಒಂದೊಂದು ಅಳತೆಯೂ ಒಂದೊಂದು ಕಾಲದಲ್ಲಿ, ಒಂದೊಂದು ಅಗತ್ಯಕ್ಕೆ, ಬೇರೆ ಬೇರೆ ಧಣಿಗಳ ಕೈಯಿಂದ ಬಂತು. ಒಂದರ ಬೋಗಿ ಇನ್ನೊಂದರ ಹಳಿಯ ಮೇಲೆ ಓಡುವುದಿಲ್ಲ. ಎರಡು ಗೇಜು ಸೇರುವ ಜಾಗದಲ್ಲಿ ಸರಕನ್ನೆಲ್ಲ ಇಳಿಸಿ ಮತ್ತೆ ಏರಿಸಬೇಕು. ಹಳೆಯ ಕಾಲದಲ್ಲಿ ಆ ಕೆಲಸ ಹಮಾಲರದಾಗಿತ್ತು. ಈಗ ಮೂಟೆ ಹೊರುವವರೂ ನಾವೇ, ಮೂಟೆಯೂ ನಾವೇ. ಹಳೆಯ ನಿಲ್ದಾಣಗಳನ್ನು ಹೊಸ ಕಾಲಕ್ಕೆ ಸಜ್ಜು ಮಾಡುವ ಮಾತು ಬಂದಾಗಲೆಲ್ಲ ನನಗೆ ಮುಖ್ಯವಾಗಿ ಕಾಣುವುದು ಇದೇ ಇಳಿಸಿ ಏರಿಸುವ ಜಾಗ. ಉಳಿದದ್ದೆಲ್ಲ ಅದರ ನಂತರ.

ಮೊದಲ ಅಳತೆ 1676. ಮದ್ರಾಸ್ ರೈಲ್ವೆ ಕಂಪನಿ ಜೋಲಾರಪೇಟೆಯಿಂದ ಹಳಿ ಎಳೆದು 1864ರಲ್ಲಿ ಕಂಟೋನ್ಮೆಂಟಿಗೆ ತಂದು ನಿಲ್ಲಿಸಿತು. ರೈಲು ಬಂದದ್ದು ಪೇಟೆಗಲ್ಲ, ದಂಡಿಗೆ. ಅಕ್ಕಿಪೇಟೆ, ಚಿಕ್ಕಪೇಟೆಯ ವರ್ತಕನಿಗೆ ಮದ್ರಾಸಿನ ಸರಕು ಬೇಕಾದರೆ ಗಾಡಿ ಕಟ್ಟಿಕೊಂಡು ದಂಡಿನವರೆಗೆ ಹೋಗಬೇಕಿತ್ತು. ಸೈನ್ಯಕ್ಕೆ ಬೇಕಾದ ಕಡೆ ಸ್ಟೇಷನ್ ಆಯಿತು, ಜನ ಆಮೇಲೆ ಅದರ ದಾರಿ ಹುಡುಕಿಕೊಂಡರು. ಈ ಅನುಕ್ರಮವನ್ನು ನೆನಪಿನಲ್ಲಿಡಬೇಕು, ಮುಂದೆಯೂ ಬರುತ್ತದೆ.

ಎರಡನೆಯದು 1000. ಅದರ ಹಿಂದೆ ಧಾತು ಈಶ್ವರ ಸಂವತ್ಸರಗಳ ಬರ ಇದೆ. 1876ರಿಂದ 78ರವರೆಗಿನ ಆ ಕ್ಷಾಮದಲ್ಲಿ ಮೈಸೂರು ಸೀಮೆಯ ಜನರಲ್ಲಿ ಐದರಲ್ಲೊಂದು ಪಾಲು ಅಳಿದುಹೋಯಿತೆಂದು ಲೆಕ್ಕ. ಮದ್ರಾಸಿನಿಂದ ರೈಲಿನಲ್ಲಿ ಬಂದ ಧಾನ್ಯ ಬೆಂಗಳೂರಿನಲ್ಲಿ ರಾಶಿ ಬೀಳುತ್ತಿತ್ತು, ಅಲ್ಲಿಂದಾಚೆಗೆ ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತಿದ್ದವು. ಹೊಟ್ಟೆಗಿಲ್ಲದ ಜನಕ್ಕೆ ಕೂಲಿ ಕೊಡಲು, ಮುಂದಿನ ಬರದಲ್ಲಾದರೂ ಧಾನ್ಯ ಒಳನಾಡಿಗೆ ತಲುಪಲು ಬೆಂಗಳೂರು–ಮೈಸೂರು ದಾರಿಯ ಮಣ್ಣಿನ ಕೆಲಸ ಶುರುವಾಯಿತು. 1881ರಲ್ಲಿ ಚಾಮರಾಜ ಒಡೆಯರಿಗೆ ರಾಜ್ಯ ಮರಳಿತು, ರಂಗಾಚಾರ್ಲು ದಿವಾನರಾದರು, 1882ರ ಹೊತ್ತಿಗೆ ಹಳಿ ಮೈಸೂರು ಮುಟ್ಟಿತು. ಕೆಂಗೇರಿಯ ಮೇಲೆ ಹಾದುಹೋಗುವ ಹಳಿ ಅದೇ. ಇವತ್ತು ಕೆಂಗೇರಿಯಲ್ಲಿ ಮೈಸೂರಿನ ಗಾಡಿ ಹತ್ತುವ ಎಷ್ಟು ಜನಕ್ಕೆ ಕಾಲ ಕೆಳಗಿನ ಏರಿಯನ್ನು ಹಸಿದವರು ಮಣ್ಣು ಹೊತ್ತು ಕಟ್ಟಿದರೆಂದು ಗೊತ್ತಿದೆಯೋ. ಎಲ್ಲಾದರೂ ಒಂದು ಕಲ್ಲಿನ ಫಲಕದಲ್ಲಿ ಇಷ್ಟನ್ನು ಬರೆದು ನಿಲ್ಲಿಸಬೇಕೆಂಬುದು ನನ್ನ ಬಹುದಿನದ ಆಸೆ.

ಅದೇ ಮೀಟರ್‌ಗೇಜು 1884ರಲ್ಲಿ ತುಮಕೂರಿನ ಕಡೆ ಹೊರಟಿತು. ಸದರ್ನ್ ಮರಾಠಾ ರೈಲ್ವೆ ಅದನ್ನು ಕೈಗೆತ್ತಿಕೊಂಡು 1889ರಲ್ಲಿ ಹರಿಹರದವರೆಗೆ ಮುಂದುವರಿಸಿ ಹುಬ್ಬಳ್ಳಿಯ ಕಡೆಗೆ ಕೂಡಿಸಿತು. 1892ರ ಸುಮಾರಿಗೆ ಯಶವಂತಪುರದಿಂದ ಹಿಂದೂಪುರದ ಕಡೆ ಇನ್ನೊಂದು ಕವಲು ಒಡೆಯಿತು, ಯಶವಂತಪುರ ಜಂಕ್ಷನ್ ಆಯಿತು. ಸಿಟಿಯಿಂದ ಯಶವಂತಪುರದವರೆಗಿನ ಈ ತುಂಡೇ ನಮ್ಮ ಪಾಲಿನ ರೈಲು. ಹಳಿ ಬಿದ್ದಾಗ ಅಲ್ಲಿ ಮಲ್ಲೇಶ್ವರ ಬಡಾವಣೆ ಇರಲಿಲ್ಲ, ರಾಜಾಜಿನಗರವಂತೂ ಯಾರ ಕನಸಿನಲ್ಲೂ ಇರಲಿಲ್ಲ. ಕಾಡುಮಲ್ಲೇಶ್ವರನ ಗುಡಿ, ಹೊಲ, ತೋಪು, ಅಲ್ಲೊಂದು ಇಲ್ಲೊಂದು ಹಳ್ಳಿ. ಆ ಹಳ್ಳಿಗಳಲ್ಲಿ ನಮ್ಮ ಕುರುಬರಹಳ್ಳಿಯೂ ಒಂದು.

ಮಲ್ಲೇಶ್ವರ ತುಂಬಿದ್ದು ಪ್ಲೇಗಿನಿಂದ. 1898ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಕಂಡ ಮೊದಲ ಪ್ಲೇಗ್ ರೋಗಿ ರೈಲ್ವೆ ಅಧಿಕಾರಿಯೊಬ್ಬರ ಬಟ್ಲರ್, ಧಾರವಾಡದ ಕಡೆಯಿಂದ ರೈಲಿನಲ್ಲಿ ಬಂದವನು. ಎಂದರೆ ಇದೇ ಹಳಿಯ ಮೇಲೆ, ಇದೇ ಯಶವಂತಪುರ ದಾಟಿ. ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ರೋಗ ಹರಡಿತು, ಜನ ಊರು ಬಿಟ್ಟು ಬಯಲಿಗೆ ಓಡಿದರು, ಸರ್ಕಾರ ಬಸವನಗುಡಿಯನ್ನೂ ಮಲ್ಲೇಶ್ವರವನ್ನೂ ಅಗಲ ರಸ್ತೆ, ಕನ್ಸರ್ವೆನ್ಸಿ ಓಣಿ, ತೋಟದ ಜಾಗ ಬಿಟ್ಟು ಬೆಳೆಸಿತು. ಪೇಟೆಗೆ ರೋಗ ತಂದ ಹಳಿಯ ಪಕ್ಕದಲ್ಲೇ ರೋಗದಿಂದ ತಪ್ಪಿಸಿಕೊಂಡವರ ಬಡಾವಣೆ ಎದ್ದಿತು.

ಆಮೇಲೆ ಹಳಿಯ ಎರಡೂ ಬದಿಗೆ ಗಿರಣಿ, ಕಾರ್ಖಾನೆಗಳು ಬಂದವು. ರಾಜಾ ಮಿಲ್ಲು ಇದ್ದ ಜಾಗದಲ್ಲಿ ಈಗ ಮಂತ್ರಿ ಮಾಲ್ ನಿಂತಿದೆ. ಟಾಟಾ ಇನ್‌ಸ್ಟಿಟ್ಯೂಟು ಯಶವಂತಪುರದ ಹತ್ತಿರವೇ ಆಯಿತು. 1949ರಲ್ಲಿ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ಇಂಡಸ್ಟ್ರಿಯಲ್ ಸಬರ್ಬ್ ಹುಟ್ಟಿತು, ಸ್ಯಾಂಡಲ್ ಸೋಪಿನ ಕಾರ್ಖಾನೆ 1957ರಲ್ಲಿ ಅಲ್ಲಿಗೆ ಬಂತು. ಗಾಳಿ ಈ ಕಡೆ ಬೀಸಿದ ದಿನ ಗಂಧದ ವಾಸನೆ ಬಸ್ಸಿನೊಳಗೂ ತುಂಬಿಕೊಳ್ಳುತ್ತಿತ್ತು. ಕಾರ್ಖಾನೆ ಕಟ್ಟುವವರು ಹಳಿಯ ಹತ್ತಿರ ಕಟ್ಟಿದರು, ಏಕೆಂದರೆ ಕಬ್ಬಿಣ, ಕಲ್ಲಿದ್ದಲು, ಹತ್ತಿ ರೈಲಿನಲ್ಲಿ ಬರಬೇಕಿತ್ತು. ಕೆಲಸಗಾರರು ಮಾತ್ರ ಸೈಕಲ್ಲು, ಸಿಟಿ ಬಸ್ಸು, ನಡಿಗೆ. ಸರಕಿಗೆ ಇದ್ದ ರೈಲು ಆಳಿಗೆ ಇರಲಿಲ್ಲ. ನಾನು ಕಂಡ ಮೂರು ಪಾಳಿಯ ದಿನಗಳಲ್ಲಿ ನವರಂಗ್ ಥಿಯೇಟರಿನ ಮುಂದೆ ಬೆಳಗಿನ ಏಳಕ್ಕೆ ಸೈಕಲ್ಲುಗಳ ಪ್ರವಾಹವೇ ಹರಿಯುತ್ತಿತ್ತು. ಹಳಿಯ ಪಕ್ಕದಲ್ಲೇ ತುಳಿದು ಹೋಗುತ್ತಿದ್ದವರಿಗೆ ಆ ಹಳಿ ಗೇಟು ಹಾಕಿ ಕಾಯಿಸುವ ಅಡ್ಡಿಯಾಗಿತ್ತು, ಅಷ್ಟೆ.

ಮೂರನೆಯ ಅಳತೆ 762, ಎರಡೂವರೆ ಅಡಿ. ನನಗೆ ಎಲ್ಲಕ್ಕಿಂತ ಹತ್ತಿರದ್ದು ಇದೇ, ಏಕೆಂದರೆ ನಮ್ಮಮ್ಮನ ತವರು ಆವತಿಯ ಕಡೆ.

ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಕಂಪನಿ 1915ರ ಸುಮಾರಿಗೆ ಈ ಸಣ್ಣ ಹಳಿ ಹಾಕಿತು. ಆಚೆ ಕಡೆಯಿಂದ ಕೋಲಾರ ಜಿಲ್ಲೆಯ ಸಣ್ಣ ರೈಲು ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಮುಟ್ಟಿಕೊಂಡು ಚಿಕ್ಕಬಳ್ಳಾಪುರಕ್ಕೆ ಬಂದು ಕೂಡಿತು. ಲೈಟ್ ರೈಲ್ವೆ ಎಂದರೆ ಖರ್ಚು ಕಡಿಮೆಯ ರೈಲು: ತೆಳು ಹಳಿ, ಕಡಿದಾದ ತಿರುವು, ಸಣ್ಣ ಸೇತುವೆ, ಚಿಕ್ಕ ಸ್ಟೇಷನ್. ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ. ಕಲ್ಲಿನ ಗೋಡೆ, ಮಂಗಳೂರು ಹೆಂಚು, ಟಿಕೆಟ್ ಕೊಡುವ ಕಿಂಡಿ, ಒಂದೆರಡು ಕಲ್ಲಿನ ಬೆಂಚು. ರೇಷ್ಮೆಗೂಡು, ತರಕಾರಿ, ಸಂತೆಗೆ ಹೊರಟ ಹೆಂಗಸರು, ಕೋರ್ಟಿಗೆ ಹೊರಟ ಗಂಡಸರು. ಈಗಿನ ಭಾಷೆಯಲ್ಲಿ ಸಬರ್ಬನ್ ರೈಲು ಅನ್ನುತ್ತೇವಲ್ಲ, ಅದನ್ನೇ ಆ ಕಾಲದವರು ತಮ್ಮ ಕೈಗೆಟುಕಿದಷ್ಟು ದುಡ್ಡಿನಲ್ಲಿ ಕಟ್ಟಿಕೊಂಡಿದ್ದರು.

ಚಿಕ್ಕಂದಿನಲ್ಲಿ ಅಮ್ಮನ ಜೊತೆ ಆ ಗಾಡಿಯಲ್ಲಿ ಹೋದ ನೆನಪಿದೆ. ರಟ್ಟಿನ ಟಿಕೆಟ್ಟು, ಅದರ ಮೇಲೆ ತಾರೀಖು ಒತ್ತುವ ಮೆಷಿನ್ನಿನ ಟಕ್ ಸದ್ದು. ಎದುರು ಸೀಟಿನವರ ಮಂಡಿ ನಮ್ಮ ಮಂಡಿಗೆ ತಾಗುವಷ್ಟು ಚಿಕ್ಕ ಬೋಗಿ. ಸುಗ್ಗಿಯ ಕಾಲದಲ್ಲಿ ಅವರೆಕಾಯಿ ಮೂಟೆ, ದೇವನಹಳ್ಳಿಯ ಚಕ್ಕೋತದ ಬುಟ್ಟಿ. “ಸೊಪ್ಪಿನ ಕುಕ್ಕೆ ಮೇಲೆ ಕಾಲಿಕ್ಕಬೇಡ ಕಣಪ್ಪ, ಅದು ಅವ್ರ ದಿನದ ಅನ್ನ” ಎಂದು ಅಮ್ಮ ಗದರುತ್ತಿದ್ದಳು. ಗಾಡಿ ಎಷ್ಟು ನಿಧಾನ ಎಂದರೆ ಹೊಲದಲ್ಲಿ ನಿಂತವರ ಜೊತೆ ಮಾತಾಡಿಕೊಂಡೇ ಹೋಗಬಹುದಿತ್ತು. ಅದರ ನಿಧಾನದ ಬಗ್ಗೆ ಯಾರೂ ದೂರಿದ್ದು ಕೇಳಿಲ್ಲ. ಸ್ಟೇಷನ್ನು ಊರಿನ ಕೈಗೆಟುಕುವ ಜಾಗದಲ್ಲಿತ್ತು, ಗಾಡಿ ಸಂತೆಯ ಹೊತ್ತಿಗೆ ಬರುತ್ತಿತ್ತು.

ಆ ದಾರಿಯಲ್ಲಿ ಇನ್ನೂ ಒಂದು ವಿಶೇಷ ಉಂಟು. ಕೆಂಪೇಗೌಡರ ವಂಶದ ಮೂಲಪುರುಷ ರಣಭೈರೇಗೌಡರು ನೆಲೆ ನಿಂತದ್ದು ಆವತಿಯಲ್ಲಿ. ಅವರ ಪೀಳಿಗೆಯ ಜಯಗೌಡರು ಯಲಹಂಕಕ್ಕೆ ಬಂದರು. ಅಲ್ಲಿಂದ ಬಂದ ಕೆಂಪೇಗೌಡರು ಬೆಂಗಳೂರು ಕಟ್ಟಿದರು. ಆವತಿ, ಯಲಹಂಕ, ಬೆಂಗಳೂರು: ನಾಡಪ್ರಭುಗಳು ಹಲವು ತಲೆಮಾರುಗಳಲ್ಲಿ ನಡೆದ ದಾರಿಯಲ್ಲೇ ಆ ಸಣ್ಣ ರೈಲು ನಮ್ಮನ್ನು ಅರ್ಧ ದಿನದೊಳಗೆ ಕರೆತರುತ್ತಿತ್ತು.

1990ರ ದಶಕದಲ್ಲಿ ಸಿ.ಕೆ. ಜಾಫರ್ ಷರೀಫರು ರೈಲ್ವೆ ಮಂತ್ರಿಯಾಗಿದ್ದಾಗ ದೇಶದಲ್ಲೆಲ್ಲ ಒಂದೇ ಗೇಜು ಎಂಬ ಯೋಜನೆ ಭರದಿಂದ ಸಾಗಿತು. ಕರ್ನಾಟಕಕ್ಕೆ ಅದರಿಂದ ದೊಡ್ಡ ಉಪಕಾರವಾಯಿತು, ಅದರಲ್ಲಿ ಎರಡು ಮಾತಿಲ್ಲ. ಮೈಸೂರಿನ ಹಳಿ, ಹುಬ್ಬಳ್ಳಿಯ ಹಳಿ ಅಗಲವಾದವು, ಮೂಟೆ ಇಳಿಸಿ ಏರಿಸುವುದು ತಪ್ಪಿತು, ದೂರದೂರಿನ ರೈಲುಗಳು ನೇರ ಬಂದವು. ಯಲಹಂಕ–ಚಿಕ್ಕಬಳ್ಳಾಪುರದ ಎರಡೂವರೆ ಅಡಿಯೂ ಐದೂವರೆ ಅಡಿಯಾಯಿತು, ಆಚೆಯ ಕೋಲಾರದ ತುಂಡು ಮುಗಿದದ್ದು 2013ರಲ್ಲಿ. ಆದರೆ ಹಳಿ ಅಗಲವಾದಷ್ಟೂ ಗಾಡಿ ದೂರದೂರಿನದಾಯಿತು. ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲುವ ಗಾಡಿ ವಿರಳವಾದವು. ಗಾಡಿ ನಿಲ್ಲದ ಕಡೆ ಟಿಕೆಟ್ಟಿನ ಕಿಂಡಿ ಮುಚ್ಚಿತು, ಹೆಂಚು ಜಾರಿತು, ಕಲ್ಲಿನ ಸಂದಿನಲ್ಲಿ ಅರಳಿ ಗಿಡ ಹುಟ್ಟಿತು. ಮಳೆಗಿಂತ ಹೆಚ್ಚಾಗಿ ಆ ಕಟ್ಟಡಗಳನ್ನು ಕೆಡಿಸಿದ್ದು ಬದಲಾದ ಟೈಂಟೇಬಲ್ಲು.

ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ಮತ್ತು ನೈರುತ್ಯ ರೈಲ್ವೆ ಸೇರಿ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಈ ನಾಲ್ಕನ್ನು ಉಳಿಸುವ ಕೆಲಸಕ್ಕೆ ಕೈಹಾಕಿದ್ದು ನನಗೆ ಬಹಳ ಸಂತೋಷ ಕೊಟ್ಟ ಸುದ್ದಿ. ಇಂಥ ರಿಪೇರಿಯಲ್ಲಿ ಏನೇನು ಕಷ್ಟ ಇದೆ ಎಂಬುದನ್ನು ಕೈಕೆಲಸ ಗೊತ್ತಿದ್ದವನಾಗಿ ಸ್ವಲ್ಪ ಹೇಳಬೇಕು, ಏಕೆಂದರೆ ಹಳೇ ಕಟ್ಟಡಕ್ಕೆ ಬಣ್ಣ ಬಳಿದರೆ ಮುಗಿಯಿತು ಎಂದುಕೊಂಡವರೇ ಹೆಚ್ಚು.

ಮೊದಲನೆಯದು ಗಾರೆ. ಆ ಕಾಲದ ಕಲ್ಲಿನ ಗೋಡೆ ನಿಂತಿರುವುದು ಸುಣ್ಣದ ಗಾರೆಯ ಮೇಲೆ. ಸುಣ್ಣ, ಮರಳು, ಇಟ್ಟಿಗೆ ಪುಡಿಯನ್ನು ದಿನಗಟ್ಟಲೆ ಕೊಳೆಹಾಕಿ, ಕೆಲವು ಕಡೆ ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಅರೆಯುತ್ತಿದ್ದರು. ಆ ಗಾರೆ ಉಸಿರಾಡುತ್ತದೆ. ನೆಲದ ತೇವ ಮೇಲೆ ಹತ್ತಿದರೂ ಗೋಡೆಯ ಮೈಯಿಂದ ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿ ಎನಾಮಲ್ ಬಣ್ಣ ಬಳಿದರೆ ತೇವಕ್ಕೆ ದಾರಿ ಸಿಗದೆ ಒಳಗೇ ನಿಂತು ಕಲ್ಲಿನ ಸಂದನ್ನೇ ತಿನ್ನುತ್ತದೆ. ಹೊರಗೆ ಹೊಸದಾಗಿ ಕಾಣುವ ಗೋಡೆ ಒಳಗೆ ಪುಡಿಯಾಗುತ್ತಿರುತ್ತದೆ. ಆದ್ದರಿಂದ ಇಂಥ ಕಟ್ಟಡದಲ್ಲಿ ಮೊದಲ ಕೆಲಸ ತೆಗೆಯುವುದು, ಹಚ್ಚುವುದಲ್ಲ: ಐವತ್ತು ವರ್ಷದ ಬಣ್ಣದ ಪದರ, ಸಿಮೆಂಟಿನ ತೇಪೆ ಎಲ್ಲವನ್ನೂ ಕಲ್ಲಿಗೆ ಪೆಟ್ಟಾಗದಂತೆ ಕೆರೆದು ತೆಗೆದು, ಅದೇ ಜಾತಿಯ ಸುಣ್ಣದ ಗಾರೆಯನ್ನು ಮತ್ತೆ ತುಂಬಬೇಕು. ಆ ಕೆಲಸ ಬಲ್ಲ ಕೈಗಳು ಈಗ ತೀರ ಕಡಿಮೆ.

ಎರಡನೆಯದು ಎತ್ತರ. ಇದು ರೈಲ್ವೆ ಕಟ್ಟಡಗಳಿಗೇ ಅಂಟಿದ ಕಷ್ಟ. ಸಣ್ಣ ಗಾಡಿಗೆ ಪ್ಲಾಟ್‌ಫಾರಂ ಹೆಚ್ಚುಕಡಿಮೆ ನೆಲದ ಮಟ್ಟದಲ್ಲಿದ್ದರೆ ಸಾಕಿತ್ತು. ಈಗಿನ ಬ್ರಾಡ್‌ಗೇಜ್ ಬೋಗಿಗೆ ಹಳಿಯ ಮೇಲ್ಮೈಯಿಂದ 760ರಿಂದ 840 ಮಿಲಿಮೀಟರ್ ಎತ್ತರದ ಪ್ಲಾಟ್‌ಫಾರಂ ಬೇಕು, ಇಲ್ಲದಿದ್ದರೆ ವಯಸ್ಸಾದವರು ಹತ್ತಲಾರರು. ಹಳೇ ಕಟ್ಟಡದ ಮುಂದೆಯೇ ಅಷ್ಟು ಎತ್ತರಿಸಿದರೆ ಅದರ ಮೆಟ್ಟಿಲು, ಪಾಯದ ಕಲ್ಲು, ಬಾಗಿಲಿನ ಹೊಸ್ತಿಲು ಎಲ್ಲ ಹೂತುಹೋಗುತ್ತವೆ, ಮಳೆಯ ನೀರು ತಿರುಗಿ ಕಟ್ಟಡದೊಳಗೇ ನುಗ್ಗುತ್ತದೆ. ಎತ್ತರಿಸದೆ ಬಿಟ್ಟರೆ ಅದು ಚಂದದ ಕಟ್ಟಡವಾಗಿ ಉಳಿಯುತ್ತದೆ, ನಿಲ್ದಾಣವಾಗಿ ಅಲ್ಲ. ಹೊಸ ಪ್ಲಾಟ್‌ಫಾರಮನ್ನು ಸ್ವಲ್ಪ ಆಚೆಗೆ ಸರಿಸಿ, ನಡುವೆ ಇಳಿಜಾರು ಕೊಟ್ಟು, ನೀರಿಗೆ ಚರಂಡಿ ತೋಡಿ, ಹಳೆಯದನ್ನು ಟಿಕೆಟ್ಟಿಗೋ ಕಾಯುವುದಕ್ಕೋ ಇಟ್ಟುಕೊಳ್ಳುವುದೇ ನನಗೆ ಸರಿಯಾಗಿ ಕಾಣುವ ದಾರಿ. ಜೊತೆಗೆ ಈಗ ಮೇಲೆ 25,000 ವೋಲ್ಟಿನ ತಂತಿ ಇದೆ. ಯಲಹಂಕ–ಚಿಕ್ಕಬಳ್ಳಾಪುರದ ಹಳಿಗೆ 2022ರಲ್ಲಿ ಆ ತಂತಿ ಬಂತು. ಹೆಂಚಿನ ಸೂರು ಎಲ್ಲಿವರೆಗೆ ಚಾಚಬಹುದು ಎಂಬುದನ್ನು ಇನ್ನು ಮುಂದೆ ಆ ತಂತಿಯೇ ನಿರ್ಧರಿಸುತ್ತದೆ.

ಮೂರನೆಯದು ಗಾಡಿಯ ಹೊತ್ತು, ಅದು ಮಾತ್ರ ಗಾರೆಯಿಂದ ಆಗುವ ಕೆಲಸವಲ್ಲ. 2021ರ ಜನವರಿ 4ರಂದು ಸಿಟಿಯಿಂದ ವಿಮಾನ ನಿಲ್ದಾಣದ ಹಾಲ್ಟಿಗೆ ರೈಲು ಶುರುವಾಯಿತು. ಆಗ ಟಿಕೆಟ್ಟು ಹತ್ತು ಹದಿನೈದು ರೂಪಾಯಿ ಇತ್ತು. ಟ್ಯಾಕ್ಸಿಗೆ ತೆರುವ ದುಡ್ಡಿನ ಮುಂದೆ ಅದು ಏನೂ ಆಗಿರಲಿಲ್ಲ. ಹಳೆಯ ಸಣ್ಣ ರೈಲಿನ ಜಾಡಿನ ಮೇಲೆ ಮತ್ತೆ ದಿನನಿತ್ಯದ ಗಾಡಿ. ನನ್ನಂಥವರಿಗೆ ಅದು ಹಬ್ಬವೇ. ಆದರೆ ವಿಮಾನಗಳು ಹಾರುವ ಹೊತ್ತಿಗೂ, ಅಲ್ಲಿ ಪಾಳಿಯಲ್ಲಿ ದುಡಿಯುವ ಸಾವಿರಾರು ಜನರ ಹೊತ್ತಿಗೂ ಗಾಡಿಯ ಹೊತ್ತಿಗೂ ಹೊಂದಾಣಿಕೆ ಸಾಲಲಿಲ್ಲ. ಬೋಗಿಗಳು ಖಾಲಿ ಓಡಿದವು, ಖಾಲಿ ಓಡಿದವೆಂದೇ ಕೆಲವು ಗಾಡಿಗಳು ನಿಂತವು. ಜನ ಬರಲಿಲ್ಲ ಎಂದು ಬರೆದದ್ದನ್ನು ಅಲ್ಲಲ್ಲಿ ಓದಿದೆ. ಜನ ಬರುವ ಹೊತ್ತಿಗೆ ಗಾಡಿ ಇರಲಿಲ್ಲ ಎಂದು ಬರೆದಿದ್ದರೆ ಸರಿಯಾಗುತ್ತಿತ್ತು.

ಹಳೆಯ ನಿಲ್ದಾಣವನ್ನು ಉಳಿಸಿಕೊಂಡೇ ಹೊಸ ಕಾಲಕ್ಕೆ ಸಜ್ಜು ಮಾಡುವುದನ್ನು ಜಗತ್ತಿನಲ್ಲಿ ಸರಿಯಾಗಿ ಮಾಡಿದವರಿದ್ದಾರೆ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ 1868ರ ನಿಲ್ದಾಣ, 1960ರ ದಶಕದಲ್ಲಿ ಕೆಡವುವ ಮಾತು ನಡೆದಿತ್ತು, ಕವಿ ಜಾನ್ ಬೆಟ್ಜಮನ್ ಮೊದಲಾದವರು ಹೋರಾಡಿ ಉಳಿಸಿದರು. ಅದರ ಹಳಿಗಳು ನೆಲದ ಮಟ್ಟದಲ್ಲಿಲ್ಲ, ಒಂದು ಅಂತಸ್ತು ಮೇಲಿವೆ. ಕೆಳಗಿನ ನೆಲಮಾಳಿಗೆಯನ್ನು ಬರ್ಟನ್ ಊರಿನ ಬಿಯರ್ ಪೀಪಾಯಿ ಇಡಲು ಕಟ್ಟಿದ್ದರು, ಕಂಬಗಳ ನಡುವಿನ ಅಂತರವನ್ನೇ ಪೀಪಾಯಿಯ ಅಳತೆಗೆ ಹೊಂದಿಸಿದ್ದರು. ಇದನ್ನು ಓದಿದ ದಿನ ಆ ಎಂಜಿನಿಯರಿಗೆ ಮನಸ್ಸಿನಲ್ಲೇ ಕೈಮುಗಿದೆ. 2007ರಲ್ಲಿ ಯೂರೋಸ್ಟಾರ್ ರೈಲು ಅಲ್ಲಿಗೆ ಬಂದಾಗ ಅದೇ ಪೀಪಾಯಿ ಮಾಳಿಗೆ ಜನ ಬಂದುಹೋಗುವ ಅಂಗಳವಾಯಿತು. ಕಂಬಗಳನ್ನು ಉಳಿಸಿಕೊಂಡು ಮೇಲಿನ ನೆಲದಲ್ಲಿ ಜಾಗ ಕೊಯ್ದು ಬೆಳಕು ಇಳಿಸಿದರು. ಅಷ್ಟು ದೂರ ಹೋಗುವುದೂ ಬೇಡ. 1888ರಲ್ಲಿ ಮುಗಿದ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸು 2004ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, ಹಾಗಿದ್ದೂ ಲೋಕಲ್ ಗಾಡಿಯ ಜನಸಾಗರವನ್ನು ದಿನವೂ ಹೊತ್ತು ನಿಂತಿದೆ. ಪಾರಂಪರಿಕ ಕಟ್ಟಡವನ್ನು ಜನರ ಕಾಲ್ತುಳಿತದಿಂದ ಕಾಪಾಡಬೇಕು ಎನ್ನುವವರು ಒಮ್ಮೆ ಸಂಜೆ ಆರಕ್ಕೆ ಅಲ್ಲಿ ಹೋಗಿ ನಿಲ್ಲಬೇಕು.

ನಾಲ್ಕನೆಯ ಅಳತೆ 1435. ಮೆಟ್ರೊ 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆಯ ನಡುವೆ ಓಡಿತು, 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯದವರೆಗೆ ನಮ್ಮ ಕಡೆ ಬಂತು. ಮಹಾಲಕ್ಷ್ಮಿ, ರಾಜಾಜಿನಗರ, ಕುವೆಂಪು ರಸ್ತೆ, ಶ್ರೀರಾಂಪುರ. ಕುರುಬರಹಳ್ಳಿಯವರಿಗೆ ಅದರಿಂದ ಆದ ಅನುಕೂಲ ದೊಡ್ಡದು. ಯಾರೂ ಅದನ್ನು ಸಣ್ಣದು ಮಾಡಬಾರದು. ಆದರೆ ಮೆಟ್ರೊ ಹಸಿರು ದಾರಿ ಮತ್ತು 1884ರ ರೈಲು ದಾರಿ ಶ್ರೀರಾಂಪುರದಿಂದ ಯಶವಂತಪುರದವರೆಗೆ ಅಕ್ಕಪಕ್ಕದ ಬಡಾವಣೆಗಳಲ್ಲೇ ಸಾಗಿದರೂ ಎರಡೂ ಒಬ್ಬರನ್ನೊಬ್ಬರು ಮಾತಾಡಿಸದ ದಾಯಾದಿಗಳಂತೆ ಇವೆ. ಯಶವಂತಪುರದಲ್ಲಿ ಎದುರುಬದುರು ನಿಂತೂ ಜನ ವರ್ಷಗಟ್ಟಲೆ ಪೆಟ್ಟಿಗೆ ಎಳೆದುಕೊಂಡು ತುಮಕೂರು ರಸ್ತೆಯ ವಾಹನಗಳ ನಡುವೆ ದಾರಿ ಮಾಡಿಕೊಂಡರು. 762ರಿಂದ 1000ಕ್ಕೆ ಮೂಟೆ ಬದಲಾಯಿಸುತ್ತಿದ್ದ ಜಾಗದಲ್ಲಿ ಈಗ 1435ರಿಂದ 1676ಕ್ಕೆ ಮನುಷ್ಯರು ಬದಲಾಗುತ್ತಿದ್ದಾರೆ. ಹಮಾಲರಿಗಾದರೂ ಆ ಕಾಲದಲ್ಲಿ ಮೇಲೊಂದು ಶೆಡ್ ಇರುತ್ತಿತ್ತು.

ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಮಾತು ಹೊಸದಲ್ಲ. ದಕ್ಷಿಣ ರೈಲ್ವೆಯ ತಂಡವೊಂದು 1983ರಲ್ಲೇ ಅಧ್ಯಯನ ಮಾಡಿ ಹೇಳಿತ್ತು. ಆಮೇಲೆ ವರದಿಗಳು ಬಂದವು, ಕಪಾಟು ಸೇರಿದವು. 2016ರ ಕೊನೆಯಲ್ಲಿ ನಾಗರಿಕರು ‘ಚುಕು ಬುಕು ಬೇಕು’ ಎಂದು ಬೀದಿಗಿಳಿದರು. 2020ರ ಅಕ್ಟೋಬರಿನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು: 148 ಕಿಲೋಮೀಟರ್, ನಾಲ್ಕು ದಾರಿ, 15,767 ಕೋಟಿ. 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿ 40 ತಿಂಗಳ ಗಡುವು ಹೇಳಿದರು. ದಾರಿಗಳಿಗೆ ಹೂವಿನ, ಮರದ ಹೆಸರಿಟ್ಟರು. ಸಿಟಿಯಿಂದ ಶ್ರೀರಾಂಪುರ, ಮಲ್ಲೇಶ್ವರ, ಯಶವಂತಪುರ, ಯಲಹಂಕ, ದೊಡ್ಡಜಾಲದ ಮೇಲೆ ದೇವನಹಳ್ಳಿಗೆ ಹೋಗುವ 41 ಕಿಲೋಮೀಟರಿನ ದಾರಿ ಸಂಪಿಗೆ. ನಮ್ಮ ಮೀಟರ್‌ಗೇಜಿನ ಜಾಡೂ ಅಮ್ಮನ ತವರಿನ ಸಣ್ಣ ರೈಲಿನ ಜಾಡೂ ಒಂದೇ ಟಿಕೆಟ್ಟಿನಲ್ಲಿ ಕೂಡುವ ದಾರಿ ಅದು. ಮಲ್ಲಿಗೆ, ಕನಕ ದಾರಿಗಳಲ್ಲಿ ಕೆಲಸ ಶುರುವಾಯಿತು, ಅದೂ ಕುಂಟುತ್ತಿದೆ. ಗಡುವು ಕಳೆದಿದೆ. ಸಂಪಿಗೆ ಇನ್ನೂ ಕಾಗದದ ಮೇಲಿದೆ. ವಿಮಾನ ನಿಲ್ದಾಣಕ್ಕೆ ಮೆಟ್ರೊ ಬರುತ್ತಿರುವಾಗ ಇನ್ನೊಂದು ರೈಲು ಯಾಕೆ ಎಂದು ಕೇಳುವವರಿದ್ದಾರೆ. ಅವರ ಲೆಕ್ಕದಲ್ಲಿ ವಿಮಾನ ಹತ್ತುವವನು ಮಾತ್ರ ಇದ್ದಾನೆ. ಬೆಟ್ಟಹಲಸೂರಿನಿಂದ ಯಶವಂತಪುರದ ಮಾರುಕಟ್ಟೆಗೆ ಸೊಪ್ಪು ತರುವವಳು, ಶ್ರೀರಾಂಪುರದಿಂದ ದೇವನಹಳ್ಳಿಯ ಕಾರ್ಖಾನೆಗೆ ಹೋಗುವ ಹುಡುಗ ಆ ಲೆಕ್ಕಕ್ಕೆ ಸಿಕ್ಕಿಲ್ಲ.

ಈ ನಡುವೆ ಮಲ್ಲೇಶ್ವರ ಸ್ಟೇಷನ್ ಅಮೃತ ಭಾರತ ಯೋಜನೆಯ ಪಟ್ಟಿ ಸೇರಿತು, ಕೆಂಗೇರಿಯೂ ಸೇರಿತು. 2024ರ ಫೆಬ್ರವರಿ 26ರಂದು ಕೆಲಸಕ್ಕೆ ಚಾಲನೆ ಸಿಕ್ಕಿತು. ಲಿಫ್ಟು, ಮೇಲ್ಸೇತುವೆ, ಸೂರು, ಶೌಚಾಲಯ ಎಲ್ಲ ಬೇಕಾದವೇ. ಊರಿನ ಎರಡೂ ಬದಿಯನ್ನು ನಿಲ್ದಾಣದ ಮೂಲಕ ಕೂಡಿಸಬೇಕೆಂಬುದು ಆ ಯೋಜನೆ ತಾನೇ ಹೇಳಿಕೊಂಡ ಉದ್ದೇಶಗಳಲ್ಲಿ ಒಂದು. ನಾನು ಹಿಡಿದುಕೊಂಡಿರುವುದು ಆ ಒಂದು ಸಾಲನ್ನು. ಮಲ್ಲೇಶ್ವರ ಸ್ಟೇಷನ್ನಿನ ಚರಿತ್ರೆ ಅದರ ಗೋಡೆಗಳಿಗಿಂತ ಹೆಚ್ಚಾಗಿ ಅದರ ಜಾಗದಲ್ಲಿದೆ. ಬರದ ನಂತರದ ಮೀಟರ್‌ಗೇಜು, ಪ್ಲೇಗು, ಗಿರಣಿ ಎಲ್ಲ ಹಾದುಹೋದ ಜಾಗ ಅದು. ಅದರ ಪೂರ್ವಕ್ಕೆ ಮಲ್ಲೇಶ್ವರ, ಪಶ್ಚಿಮಕ್ಕೆ ಗಾಯತ್ರಿನಗರ, ಸುಬ್ರಹ್ಮಣ್ಯನಗರ, ರಾಜಾಜಿನಗರ, ಆಮೇಲೆ ಮಹಾಲಕ್ಷ್ಮಿಪುರ, ಕುರುಬರಹಳ್ಳಿ, ಕಮಲಾನಗರ, ಬಸವೇಶ್ವರನಗರ. ಹೆಸರು ಮಲ್ಲೇಶ್ವರದ್ದಾದರೂ ಜನಸಂಖ್ಯೆಯ ತೂಕ ಪಶ್ಚಿಮಕ್ಕಿದೆ.

ಹಳೇ ನಿಲ್ದಾಣವನ್ನು ಹೊಸದು ಮಾಡುವವರು ನಕ್ಷೆ ಹಾಸಿಕೊಂಡು ಕೂತಾಗ ಕಟ್ಟಡದ ಮುಖ ಹೇಗಿರಬೇಕು ಎಂಬಲ್ಲಿಂದ ಶುರುಮಾಡುತ್ತಾರೆ. ನನ್ನ ಕೈಗೆ ಆ ನಕ್ಷೆ ಕೊಟ್ಟರೆ ಶುರುಮಾಡುವುದು ಪಶ್ಚಿಮದ ಬೀದಿಯಿಂದ. ಅಲ್ಲಿಂದ ಪ್ಲಾಟ್‌ಫಾರಮ್ಮಿಗೆ ಮೆಟ್ಟಿಲಿಲ್ಲದ ಇಳಿಜಾರು ದಾರಿ ಎಷ್ಟು ಅಡಿ, ರಾತ್ರಿ ಹತ್ತಕ್ಕೆ ಪಾಳಿ ಮುಗಿಸಿ ಬರುವ ಹೆಣ್ಣುಮಗಳಿಗೆ ಅಲ್ಲಿ ದೀಪ ಇದೆಯೇ, ಟಿಕೆಟ್ಟು ಆ ಬದಿಯಲ್ಲೇ ಸಿಗುತ್ತದೆಯೇ, ಶ್ರೀರಾಂಪುರದ ಮೆಟ್ರೊದಿಂದ ಬಂದವರು ಮಳೆಯಲ್ಲಿ ನೆನೆಯದೆ ಹಳಿಯವರೆಗೆ ತಲುಪುತ್ತಾರೆಯೇ. ಜೊತೆಗೆ ಒಂದು ಸಣ್ಣ ಬಸ್ಸು. ಬಸವೇಶ್ವರನಗರದಿಂದ ಹೊರಟು ಕುರುಬರಹಳ್ಳಿ ಸರ್ಕಲ್, ನವರಂಗ್, ಹರಿಶ್ಚಂದ್ರ ಘಾಟ್ ಮೇಲೆ ಮಲ್ಲೇಶ್ವರ ಸ್ಟೇಷನ್ನಿಗೆ, ಬೆಳಗ್ಗೆ ತುಮಕೂರಿನ ಗಾಡಿಯ ಹೊತ್ತಿಗೆ ಒಮ್ಮೆ, ಸಂಜೆ ಅದು ವಾಪಸು ಬರುವ ಹೊತ್ತಿಗೆ ಒಮ್ಮೆ. ಸಂಪಿಗೆ ದಾರಿ ಬರುವ ತನಕ ಅಷ್ಟು ಸಾಕು. ಅದಕ್ಕೆ ಹೊಸ ಹಳಿ ಬೇಕಿಲ್ಲ, ಹೊಸ ಗೇಜೂ ಬೇಕಿಲ್ಲ.